ಕಾರಿನ ಎಂಜಿನ್ ಅತಿಯಾಗಿ ಬಿಸಿಯಾಗುವಿಕೆ ಮತ್ತು ರೇಡಿಯೇಟರ್ ಫ್ಯಾನ್

ಎಂಜಿನ್ ಅತಿಯಾಗಿ ಬಿಸಿಯಾಗುವಿಕೆ ಎಂದರೆ ಮೋಟಾರು ವಾಹನದ ಅಂತರ್ದಹನ ಎಂಜಿನ್‌ನ ಉಷ್ಣತೆಯು ಅದರ ವಿನ್ಯಾಸಕ್ಕೆ ನಿಗದಿಯಾದ ಮಿತಿಯನ್ನು ಮೀರಿ ಏರುವ ಸ್ಥಿತಿ. ನೀರಿನಿಂದ ತಂಪಾಗುವ ಇಂದಿನ ಬಹುಪಾಲು ಕಾರುಗಳಲ್ಲಿ ಎಂಜಿನ್ ಸುತ್ತ ಹರಿಯುವ ದ್ರವದ ಸಾಮಾನ್ಯ ಉಷ್ಣತೆ ಸುಮಾರು 85ರಿಂದ 105 ಡಿಗ್ರಿ ಸೆಲ್ಸಿಯಸ್. ಇದನ್ನು ಕಾಯ್ದುಕೊಳ್ಳುವ ಹೊಣೆ ರೇಡಿಯೇಟರ್, ನೀರಿನ ಪಂಪ್, ಥರ್ಮೋಸ್ಟಾಟ್, ಒತ್ತಡದ ಮುಚ್ಚಳ ಮತ್ತು ಫ್ಯಾನ್‌ಗಳನ್ನು ಒಳಗೊಂಡ ವ್ಯವಸ್ಥೆಯದು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಉಷ್ಣತೆ ಏರತೊಡಗುತ್ತದೆ. ಅದನ್ನು ಗಮನಿಸದೆ ವಾಹನವನ್ನು ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಹೆಡ್ ಬಾಗಬಹುದು, ಹೆಡ್ ಗ್ಯಾಸ್ಕೆಟ್ ಸೀಳಬಹುದು, ಪಿಸ್ಟನ್‌ಗಳು ಸಿಲಿಂಡರಿನೊಳಗೆ ಬಿಗಿದುಕೊಳ್ಳಬಹುದು. ಸಣ್ಣ ಫ್ಯೂಸೊಂದರ ವೈಫಲ್ಯದಿಂದ ಆರಂಭವಾದ ದೋಷವು ಇಡೀ ಎಂಜಿನ್ನನ್ನೇ ಬಿಚ್ಚಿ ಕಟ್ಟಬೇಕಾದ ಹಂತಕ್ಕೆ ಮುಟ್ಟುವುದು ಹೀಗೆಯೇ.

ಶಾಖದ ಮೂಲ

ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಉರಿದು ಬಿಡುಗಡೆಯಾಗುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದ ಭಾಗ ಎಂಜಿನ್‌ನ ಲೋಹಕ್ಕೆ ಶಾಖವಾಗಿ ಹರಿಯುತ್ತದೆ. ದಹನದ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲಗಳ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ಮತ್ತು ಸಿಲಿಂಡರ್ ಹೆಡ್‌ಗಳನ್ನು ತಯಾರಿಸುವ ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಯಲ್ಲಿ. ಲೋಹಕ್ಕೆ ಸೇರಿದ ಶಾಖವನ್ನು ಬಿಡುವಿಲ್ಲದೆ ಹೊರಸಾಗಿಸುತ್ತಿರುವುದರಿಂದಲೇ ಎಂಜಿನ್ ಉಳಿದುಕೊಳ್ಳುತ್ತದೆ.

ಆದರೆ ಎಂಜಿನ್ ತೀರಾ ತಣ್ಣಗಿರುವುದೂ ಒಳ್ಳೆಯದಲ್ಲ. ತಣ್ಣನೆಯ ಎಂಜಿನ್‌ನಲ್ಲಿ ಇಂಧನ ಪೂರ್ಣವಾಗಿ ಉರಿಯುವುದಿಲ್ಲ, ಎಣ್ಣೆ ಗಟ್ಟಿಯಾಗಿರುತ್ತದೆ, ಭಾಗಗಳ ಸವೆತ ಹೆಚ್ಚುತ್ತದೆ. ಆದ್ದರಿಂದ ತಂಪುಗೊಳಿಸುವ ವ್ಯವಸ್ಥೆಯ ಗುರಿ ಎಂಜಿನ್ನನ್ನು ತಣ್ಣಗೆ ಮಾಡುವುದಲ್ಲ, ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ನಿಲ್ಲಿಸುವುದು.

ವ್ಯವಸ್ಥೆಯ ಭಾಗಗಳು

ನೀರಿನ ಪಂಪ್: ಎಂಜಿನ್‌ನಿಂದಲೇ ಬೆಲ್ಟ್ ಅಥವಾ ಚೈನ್ ಮೂಲಕ ತಿರುಗುವ ಈ ಪಂಪ್ ಎಂಜಿನ್ ಬ್ಲಾಕ್ ಮತ್ತು ಹೆಡ್‌ಗಳಲ್ಲಿನ ಕಾಲುವೆಗಳ ಮೂಲಕ ದ್ರವವನ್ನು ಹರಿಸುತ್ತದೆ.

ಥರ್ಮೋಸ್ಟಾಟ್: ಇದರೊಳಗಿನ ಮೇಣದ ಗುಳಿಗೆ ಬಿಸಿಗೆ ಕರಗಿ ಹಿಗ್ಗಿದಾಗ ಕವಾಟ ತೆರೆದುಕೊಳ್ಳುತ್ತದೆ. ಸಾಮಾನ್ಯವಾಗಿ 82ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಲಾರಂಭಿಸುವ ಈ ಕವಾಟವು ಎಂಜಿನ್ ಕಾಯುವವರೆಗೆ ದ್ರವವನ್ನು ರೇಡಿಯೇಟರಿಗೆ ಬಿಡುವುದಿಲ್ಲ.

ರೇಡಿಯೇಟರ್: ತೆಳುವಾದ ಕೊಳವೆಗಳು ಮತ್ತು ಅವುಗಳ ನಡುವಿನ ಲೋಹದ ರೆಕ್ಕೆಗಳಿಂದಾದ ಈ ಭಾಗದಲ್ಲಿ ದ್ರವದ ಶಾಖವು ಗಾಳಿಗೆ ವರ್ಗವಾಗುತ್ತದೆ. ಹವಾನಿಯಂತ್ರಣವಿರುವ ಕಾರುಗಳಲ್ಲಿ ರೇಡಿಯೇಟರಿನ ಮುಂದೆ ಏಸಿಯ ಕಂಡೆನ್ಸರ್ ಇರುತ್ತದೆ. ಆದ್ದರಿಂದ ಏಸಿ ನಡೆಯುತ್ತಿರುವಾಗ ರೇಡಿಯೇಟರಿಗೆ ಈಗಾಗಲೇ ಬಿಸಿಯಾದ ಗಾಳಿಯೇ ದೊರೆಯುತ್ತದೆ.

ಒತ್ತಡದ ಮುಚ್ಚಳ: ಒತ್ತಡ ಹೆಚ್ಚಿದಂತೆ ದ್ರವದ ಕುದಿಬಿಂದು ಏರುತ್ತದೆ. ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಡುವ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಉಳಿಯುತ್ತದೆ. ಮುಚ್ಚಳದ ರಬ್ಬರು ಸವೆದರೆ ಈ ರಕ್ಷಣೆ ಇಲ್ಲವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಸಡಿಲ ಮುಚ್ಚಳದ ಪರಿಣಾಮ ಇಂತಹ ಊರುಗಳಲ್ಲಿ ಇನ್ನಷ್ಟು ಬೇಗ ಕಾಣುತ್ತದೆ.

ಕೂಲೆಂಟ್: ಇದು ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರಿನ ಮಿಶ್ರಣ. ತುಕ್ಕು ತಡೆಯುವ ರಾಸಾಯನಿಕಗಳೂ ಇದರಲ್ಲಿರುತ್ತವೆ. ಸಮಪಾಲಿನ ಮಿಶ್ರಣವು ಸಾಮಾನ್ಯ ವಾಯುಭಾರದಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಶೂನ್ಯಕ್ಕಿಂತ 35 ಡಿಗ್ರಿಗೂ ಕೆಳಗೆ ಹೆಪ್ಪುಗಟ್ಟುತ್ತದೆ.

ಫ್ಯಾನ್: ವಾಹನ ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪುಗೊಳಿಸುತ್ತದೆ. ವಾಹನ ನಿಂತಿರುವಾಗ ಅಥವಾ ನಿಧಾನವಾಗಿ ಸಾಗುವಾಗ ಆ ಗಾಳಿಯನ್ನು ಎಳೆದು ತರುವ ಕೆಲಸ ಫ್ಯಾನಿನದು.

ಇತಿಹಾಸ

ಕಾರ್ಲ್ ಬೆಂಝ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ನೀರು ಆವಿಯಾಗಿ ಹೋಗುವುದರ ಮೂಲಕವೇ ಎಂಜಿನ್ ತಂಪಾಗುತ್ತಿತ್ತು. ಹೀಗಾಗಿ ದಾರಿಯುದ್ದಕ್ಕೂ ನೀರು ತುಂಬಿಸಬೇಕಾಗುತ್ತಿತ್ತು. ವಿಲ್ಹೆಲ್ಮ್ ಮೇಬಾಕ್ ರೂಪಿಸಿದ ಜೇನುಗೂಡಿನ ಮಾದರಿಯ ರೇಡಿಯೇಟರ್ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. 1900ರ ಕೊನೆಯಲ್ಲಿ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ಇದನ್ನು ಅಳವಡಿಸಲಾಯಿತು. ಅದರಲ್ಲಿ 8,070 ಚಿಕ್ಕ ಕೊಳವೆಗಳಿದ್ದವು. ನಿಧಾನಗತಿಯಲ್ಲಿಯೂ ಗಾಳಿ ದೊರೆಯಲೆಂದು ಅದರ ಹಿಂದೆ ಫ್ಯಾನೊಂದನ್ನೂ ಇಡಲಾಗಿತ್ತು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ, ಮೊದಲ ಕಂತಿನವನ್ನು ಬಿಟ್ಟರೆ, ನೀರಿನ ಪಂಪ್ ಇರಲಿಲ್ಲ. ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ತತ್ತ್ವದ ಮೇಲೆಯೇ ಅದರ ಪರಿಚಲನೆ ನಡೆಯುತ್ತಿತ್ತು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ನೀರೇ ಇರಲಿಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನಿನ ಗಾಳಿಯೇ ಎಂಜಿನ್ನನ್ನು ತಂಪುಗೊಳಿಸುತ್ತಿದ್ದುದರಿಂದ ಬೆಲ್ಟ್ ತುಂಡಾದೊಡನೆ ಕಾರನ್ನು ನಿಲ್ಲಿಸದೆ ಗತಿಯಿರಲಿಲ್ಲ.

ಭಾರತದಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದು 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಫ್ಯಾನ್ ಬೆಲ್ಟಿನ ಮೂಲಕ ಎಂಜಿನ್‌ಗೇ ಜೋಡಣೆಗೊಂಡಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಂತಹ ಮುಂಗಾಲಿ ಚಾಲನೆಯ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿರುತ್ತದೆ. ಅದರ ತಿರುಗುವ ತುದಿ ರೇಡಿಯೇಟರಿಗೆ ಎದುರಾಗಿರದ ಕಾರಣ ವಿದ್ಯುತ್ ಮೋಟಾರಿನ ಫ್ಯಾನ್ ಅನಿವಾರ್ಯವಾಯಿತು. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿರುವುದು ಈ ಬಗೆಯ ಫ್ಯಾನೇ.

ಫ್ಯಾನಿನ ವಿಧಗಳು

ನೇರ ಬೆಲ್ಟ್ ಫ್ಯಾನ್: ಎಂಜಿನ್ ತಿರುಗುವಷ್ಟು ಹೊತ್ತೂ ತಿರುಗುತ್ತದೆ. ರಚನೆ ಸರಳ, ಆದರೆ ಅಗತ್ಯವಿಲ್ಲದಾಗಲೂ ಶಕ್ತಿಯನ್ನು ಕಬಳಿಸುತ್ತದೆ.

ವಿಸ್ಕಸ್ ಕ್ಲಚ್ ಫ್ಯಾನ್: ಉದ್ದುದ್ದವಾಗಿ ಎಂಜಿನ್ ಜೋಡಿಸಿರುವ ಜೀಪು, ವ್ಯಾನು, ಲಾರಿಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ. ಇದರ ಗುಂಬದಲ್ಲಿ ಸಿಲಿಕೋನ್ ಎಣ್ಣೆಯಿರುತ್ತದೆ. ರೇಡಿಯೇಟರಿನಿಂದ ಬರುವ ಬಿಸಿಗಾಳಿಗೆ ಎರಡು ಲೋಹಗಳ ಸುರುಳಿಯೊಂದು ತಿರುಚಿಕೊಂಡು ಎಣ್ಣೆಯ ದಾರಿಯನ್ನು ತೆರೆಯುತ್ತದೆ. ಆಗ ಫ್ಯಾನ್ ಎಂಜಿನ್ನಿನೊಡನೆ ಬಿಗಿಯಾಗಿ ತಿರುಗುತ್ತದೆ.

ವಿದ್ಯುತ್ ಫ್ಯಾನ್: ಬ್ಯಾಟರಿಯ 12 ವೋಲ್ಟ್ ವಿದ್ಯುತ್ತಿನಿಂದ ನಡೆಯುತ್ತದೆ. ಹಳೆಯ ಕಾರುಗಳಲ್ಲಿ ರೇಡಿಯೇಟರಿನಲ್ಲಿ ಕೂರಿಸಿದ ಉಷ್ಣ ಸ್ವಿಚ್ಚು ಇದನ್ನು ಚಾಲೂ ಮಾಡುತ್ತಿತ್ತು. ಹೊಸ ಕಾರುಗಳಲ್ಲಿ ಉಷ್ಣತೆಯ ಸೆನ್ಸರ್ ನೀಡುವ ಮಾಹಿತಿಯಂತೆ ಎಂಜಿನ್ ನಿಯಂತ್ರಣ ಕಂಪ್ಯೂಟರು ರಿಲೇಯ ಮೂಲಕ ಫ್ಯಾನನ್ನು ನಡೆಸುತ್ತದೆ. ಸಾಮಾನ್ಯವಾಗಿ 95ರಿಂದ 105 ಡಿಗ್ರಿಯ ನಡುವೆ ಫ್ಯಾನ್ ತಿರುಗಲಾರಂಭಿಸಿ, ಉಷ್ಣತೆ ಕೆಲವು ಡಿಗ್ರಿ ಇಳಿದ ಬಳಿಕ ನಿಲ್ಲುತ್ತದೆ.

ಲಕ್ಷಣಗಳು

ಸೂಚಕದ ಮುಳ್ಳು ಕೆಂಪು ಗುರುತಿನತ್ತ ಏರುವುದು ಅಥವಾ ಕೆಂಪು ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದು ಮೊದಲ ಲಕ್ಷಣ. ಬಾನೆಟ್ ಅಂಚಿನಿಂದ ಹಬೆ ಏಳುವುದು, ಸಿಹಿಯಾದ ವಾಸನೆ ಬರುವುದು, ಎಳೆತ ಕುಗ್ಗುವುದು, ಎಂಜಿನ್‌ನಿಂದ ಟಕಟಕ ಸದ್ದು ಕೇಳಿಸುವುದು, ಏಸಿಯ ತಂಪು ಇದ್ದಕ್ಕಿದ್ದಂತೆ ಕಡಿಮೆಯಾಗುವುದು ಇತರ ಲಕ್ಷಣಗಳು.

ಸೂಚಕವೂ ತಪ್ಪು ದಾರಿಗೆಳೆಯಬಹುದು ಎಂಬುದು ಗಮನಾರ್ಹ. ಸೆನ್ಸರ್ ದ್ರವದಲ್ಲಿ ಮುಳುಗಿರುವಾಗ ಮಾತ್ರ ಸರಿಯಾದ ಉಷ್ಣತೆಯನ್ನು ತೋರಿಸುತ್ತದೆ. ಕೂಲೆಂಟ್ ಪೂರ್ಣವಾಗಿ ಸೋರಿಹೋದಾಗ ಏರಿದ್ದ ಮುಳ್ಳು ಹಠಾತ್ತನೆ ಕೆಳಗಿಳಿಯುವುದುಂಟು. ಎಂಜಿನ್ ತಣಿಯಿತೆಂದು ಚಾಲಕ ಸಮಾಧಾನಪಡುವ ಈ ಗಳಿಗೆಯೇ ಅತ್ಯಂತ ಅಪಾಯದ್ದು. ಹಬೆ ಕಂಡ ನಂತರ ಮುಳ್ಳು ಇಳಿದರೆ ಅದನ್ನು ಶುಭಸೂಚನೆಯೆಂದು ಭಾವಿಸಬಾರದು.

ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು

1. ಏಸಿಯನ್ನು ನಿಲ್ಲಿಸಬೇಕು. ಸುರಕ್ಷಿತ ಜಾಗ ಸಿಗುವವರೆಗೆ ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಅದರ ಗಾಳಿಯ ವೇಗವನ್ನೂ ಪೂರ್ಣವಾಗಿ ಇಡಬೇಕು. ಹೀಟರ್ ಒಂದು ಚಿಕ್ಕ ರೇಡಿಯೇಟರಿನಂತೆ ಕೆಲಸ ಮಾಡಿ ಸ್ವಲ್ಪ ಶಾಖವನ್ನು ಹೀರಿಕೊಳ್ಳುತ್ತದೆ. ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲೆಂಟ್ ಕಡಿಮೆಯಾಗಿದೆ ಅಥವಾ ಹರಿಯುತ್ತಿಲ್ಲ ಎಂದರ್ಥ.

2. ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಮುಳ್ಳು ಕೆಂಪು ಮುಟ್ಟಿದ್ದರೆ ಅಥವಾ ಹಬೆ ಕಂಡಿದ್ದರೆ ಇನ್ನೊಂದು ಕಿಲೋಮೀಟರ್ ದೂರದ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು.

3. ಹಬೆ ನಿಂತ ಮೇಲೆಯೇ ಬಾನೆಟ್ ತೆರೆಯಬೇಕು. ವಿದ್ಯುತ್ ಫ್ಯಾನ್ ಎಂಜಿನ್ ಆರಿದ ಮೇಲೂ ತಾನಾಗಿಯೇ ತಿರುಗಬಲ್ಲುದು. ಸೆರಗು, ಶಾಲು, ದುಪ್ಪಟ್ಟ, ಟೈ, ಉದ್ದ ಕೂದಲು ಅದರ ಬಳಿ ಹೋಗದಂತೆ ಎಚ್ಚರವಹಿಸಬೇಕು.

4. ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ದ್ರವ 100 ಡಿಗ್ರಿಗಿಂತ ಹೆಚ್ಚು ಕಾದಿದ್ದರೂ ಒತ್ತಡದಿಂದಾಗಿ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿದೊಡನೆ ಒತ್ತಡ ಇಳಿದು ದ್ರವವು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಹಬೆಯು ಚರ್ಮದ ಮೇಲೆ ನೀರಾಗುವಾಗ ಪ್ರತಿ ಗ್ರಾಮಿಗೆ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುವುದರಿಂದ ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಘೋರವಾದುದು. ಕನಿಷ್ಠ ಅರ್ಧ ಗಂಟೆ, ಸಾಧ್ಯವಿದ್ದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಮೇಲಿನ ಹೋಸ್ ಪೈಪ್ ಮುಟ್ಟಲು ತಣ್ಣಗಾಗಿ, ಒತ್ತಿದರೆ ಮೆತ್ತಗಾಗಿರುವಾಗ ಮಾತ್ರ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು.

5. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು, ರೇಡಿಯೇಟರಿಗೂ ಒಮ್ಮೆಲೇ ತುಂಬಬಾರದು. ಹಠಾತ್ ಸಂಕೋಚನದಿಂದ ಬ್ಲಾಕ್ ಅಥವಾ ಹೆಡ್ ಬಿರುಕು ಬಿಡಬಹುದು. ತಣಿದ ಬಳಿಕ ಕೂಲೆಂಟ್ ಹಾಕಬೇಕು. ಅದು ಸಿಗದಿದ್ದರೆ ತಾತ್ಕಾಲಿಕವಾಗಿ ಕುಡಿಯುವ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಬಹುದು.

6. ಉಷ್ಣತೆಯ ಜೊತೆಗೆ ಬ್ಯಾಟರಿ ದೀಪವೂ ಹೊತ್ತಿದ್ದರೆ ಬೆಲ್ಟ್ ತುಂಡಾಗಿರುವ ಸಾಧ್ಯತೆಯಿದೆ. ಅದೇ ಬೆಲ್ಟ್ ನೀರಿನ ಪಂಪನ್ನೂ ನಡೆಸುತ್ತಿದ್ದರೆ ವಾಹನವನ್ನು ಎಳೆಸಿಕೊಂಡು ಹೋಗುವುದೊಂದೇ ದಾರಿ.

ದೋಷ ಪತ್ತೆ: ಎಂಜಿನ್ ಯಾವಾಗ ಬಿಸಿಯಾಗುತ್ತದೆ

ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋಗುವುದಕ್ಕಿಂತ ಎಂಜಿನ್ ಯಾವ ಸಂದರ್ಭದಲ್ಲಿ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಗುರುತಿಸುವುದು ಲೇಸು. ಈ ಒಂದು ಪ್ರಶ್ನೆಯ ಉತ್ತರವೇ ಹುಡುಕಾಟದ ದಿಕ್ಕನ್ನು ನಿರ್ಧರಿಸುತ್ತದೆ.

ನಿಂತಾಗ ಬಿಸಿ, ಓಡಿದಾಗ ತಂಪು: ಸಿಗ್ನಲ್‌ಗಳಲ್ಲಿ, ವಾಹನದಟ್ಟಣೆಯಲ್ಲಿ ಮುಳ್ಳು ಏರಿ, ಹೆದ್ದಾರಿಗೆ ಬಂದೊಡನೆ ಇಳಿದರೆ ಗಾಳಿಯ ಹರಿವಿನ ಕೊರತೆಯಿದೆ. ಗಂಟೆಗೆ 50–60 ಕಿಲೋಮೀಟರ್ ವೇಗ ದಾಟಿದ ಬಳಿಕ ಫ್ಯಾನಿನ ಅಗತ್ಯ ಹೆಚ್ಚಿಲ್ಲದಿರುವುದರಿಂದ ಇಲ್ಲಿ ಮೊದಲ ಸಂಶಯ ಫ್ಯಾನಿನ ಮೇಲೆಯೇ.

ಓಡಿದಾಗ ಅಥವಾ ಏರು ಹತ್ತುವಾಗ ಬಿಸಿ: ಸಿಗ್ನಲ್‌ನಲ್ಲಿ ಸರಿಯಾಗಿದ್ದು ವೇಗದಲ್ಲಿ ಅಥವಾ ಹೊರೆ ಹೆಚ್ಚಿದಾಗ ಬಿಸಿಯಾದರೆ ದ್ರವದ ಹರಿವು ಸಾಲುತ್ತಿಲ್ಲ. ಕೂಲೆಂಟ್ ಕಡಿಮೆಯಾಗಿರುವುದು, ರೇಡಿಯೇಟರಿನ ಒಳಗೆ ಕಲ್ಮಶ ಕಟ್ಟಿರುವುದು, ಪಂಪಿನ ಎಲೆಗಳು ಸವೆದಿರುವುದು, ಥರ್ಮೋಸ್ಟಾಟ್ ಅರ್ಧವೇ ತೆರೆಯುವುದು ಇದಕ್ಕೆ ಕಾರಣಗಳು. ಪಂಪಿನ ಹೀರುವ ಬದಿಯ ಮೆತ್ತಗಾದ ಹೋಸ್ ಪೈಪ್ ವೇಗದಲ್ಲಿ ಒಳಕ್ಕೆ ಕುಗ್ಗಿ ಹರಿವನ್ನು ತಡೆಯುವುದೂ ಉಂಟು. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಟ್ಟದ ದಾರಿಗಳಲ್ಲಿ ಕೆಳ ಗೇರಿನಲ್ಲಿ ಎಂಜಿನ್ ಬಿರುಸಾಗಿ ದುಡಿಯುತ್ತದೆ, ಆದರೆ ವಾಹನ ನಿಧಾನವಾಗಿ ಚಲಿಸುತ್ತದೆ. ಶಾಖ ಹೆಚ್ಚು, ಎದುರುಗಾಳಿ ಕಡಿಮೆ. ಬಯಲಿನಲ್ಲಿ ಅಡಗಿದ್ದ ಎರಡೂ ಬಗೆಯ ದೋಷಗಳು ಅಲ್ಲಿ ಹೊರಬೀಳುತ್ತವೆ.

ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಸಿ: ಮುಚ್ಚಿಯೇ ಉಳಿದ ಥರ್ಮೋಸ್ಟಾಟ್, ವ್ಯವಸ್ಥೆಯಲ್ಲಿ ಸಿಲುಕಿದ ಗಾಳಿ, ತೀರಾ ಕಡಿಮೆ ಕೂಲೆಂಟ್ ಅಥವಾ ಹೆಡ್ ಗ್ಯಾಸ್ಕೆಟ್ ದೋಷವನ್ನು ಶಂಕಿಸಬೇಕು.

ಏಸಿ ಹಾಕಿದಾಗ ಮಾತ್ರ ಬಿಸಿ: ಎರಡು ಫ್ಯಾನ್‌ಗಳಿರುವ ಕಾರಿನಲ್ಲಿ ಒಂದು ನಿಂತಿರುವುದು ಅಥವಾ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಧೂಳು, ಕೀಟಗಳು, ಹತ್ತಿಯ ಎಳೆಗಳು ತುಂಬಿರುವುದು ಕಾರಣವಾಗಿರಬಹುದು.

ವಿದ್ಯುತ್ ಫ್ಯಾನಿನ ಪರೀಕ್ಷೆ

ಪರೀಕ್ಷೆಯನ್ನು ಸುಲಭವಾದುದರಿಂದ ಆರಂಭಿಸಿ ಕಷ್ಟವಾದುದರತ್ತ ಸಾಗಬೇಕು. ಪ್ರತಿ ಹಂತದಲ್ಲಿಯೂ ಬೆರಳುಗಳು ಫ್ಯಾನಿನಿಂದ ದೂರವಿರಬೇಕು.

ಮೊದಲ ಹಂತ, ಏಸಿ: ಎಂಜಿನ್ ಚಾಲೂ ಮಾಡಿ ಏಸಿ ಹಾಕಬೇಕು. ಬಹುತೇಕ ಕಾರುಗಳಲ್ಲಿ ಕಂಪ್ರೆಸರ್ ದುಡಿಯುತ್ತಿರುವಾಗ ಫ್ಯಾನ್ ತಿರುಗಲೇಬೇಕು. ಏಸಿಗೆ ತಿರುಗಿ, ಎಂಜಿನ್ ಕಾದಾಗ ತಿರುಗದಿದ್ದರೆ ಮೋಟಾರು ಸರಿಯಿದೆ. ಅಂತಹ ಕಡೆ ಉಷ್ಣ ಸ್ವಿಚ್ಚು, ಸೆನ್ಸರ್ ಅಥವಾ ಅದರ ತಂತಿಯಲ್ಲಿ ದೋಷವಿರುವ ಸಂಭವ ಹೆಚ್ಚು.

ಎರಡನೆಯ ಹಂತ, ಫ್ಯೂಸ್: ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿರುವ ನಕ್ಷೆಯನ್ನು ನೋಡಿ ಫ್ಯಾನಿನ ಫ್ಯೂಸನ್ನು ಗುರುತಿಸಬೇಕು. ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಬೇಕು. ಹೊಸದೂ ಸುಟ್ಟರೆ ಮೋಟಾರು ಬಿಗಿದುಕೊಂಡಿದೆ ಅಥವಾ ತಂತಿ ಎಲ್ಲಿಯೋ ಲೋಹಕ್ಕೆ ತಾಗುತ್ತಿದೆ. ಫ್ಯಾನ್ 10ರಿಂದ 30 ಆಂಪಿಯರ್‌ವರೆಗೆ ವಿದ್ಯುತ್ ಎಳೆಯುವುದರಿಂದ ಹೆಚ್ಚಿನ ಆಂಪಿಯರಿನ ಫ್ಯೂಸ್ ಅಥವಾ ತಾಮ್ರದ ತಂತಿಯ ಎಳೆಯನ್ನು ಹಾಕುವುದು ಬೆಂಕಿಗೆ ಆಹ್ವಾನವಿತ್ತಂತೆ.

ಮೂರನೆಯ ಹಂತ, ರಿಲೇ: ಪೆಟ್ಟಿಗೆಯಲ್ಲಿ ಅದೇ ಸಂಖ್ಯೆಯ ಮತ್ತೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದಲುಬದಲು ಮಾಡಿ ನೋಡಬಹುದು. ಫ್ಯಾನ್ ತಿರುಗಿ ಹಾರ್ನ್ ನಿಂತರೆ ದೋಷ ರಿಲೇಯದೆಂದು ಸಿದ್ಧವಾಗುತ್ತದೆ. ಸಾಮಾನ್ಯ ನಾಲ್ಕು ಕಾಲಿನ ರಿಲೇಯಲ್ಲಿ 85 ಮತ್ತು 86 ಎಂದು ಗುರುತಿಸಿದ ಕಾಲುಗಳು ಸುರುಳಿಯವು, 30 ಬ್ಯಾಟರಿಯ ಕಡೆಯದು, 87 ಫ್ಯಾನಿನ ಕಡೆಯದು.

ನಾಲ್ಕನೆಯ ಹಂತ, ಮೋಟಾರು: ಫ್ಯಾನಿನ ಕನೆಕ್ಟರನ್ನು ಬಿಡಿಸಿ, ಸರಿಯಾದ ಫ್ಯೂಸ್ ಇರುವ ತಂತಿಯಿಂದ ಮೋಟಾರಿಗೆ ನೇರವಾಗಿ ಬ್ಯಾಟರಿಯ ವಿದ್ಯುತ್ ಕೊಡಬೇಕು. ಆಗಲೂ ತಿರುಗದಿದ್ದರೆ ಮೋಟಾರು ಕೆಟ್ಟಿದೆ. ಇಗ್ನಿಷನ್ ಆರಿಸಿ, ಬ್ಯಾಟರಿಯ ಸಂಪರ್ಕ ತೆಗೆದು ಎಲೆಗಳನ್ನು ಕೈಯಿಂದ ತಿರುಗಿಸಿದಾಗ ಸರಾಗವಾಗಿ ತಿರುಗಬೇಕು. ಕಿರಗುಟ್ಟಿದರೆ ಅಥವಾ ಅಲುಗಾಡಿದರೆ ಬೇರಿಂಗ್ ಸವೆದಿದೆ. ಮೋಟಾರಿನೊಳಗಿನ ಕಾರ್ಬನ್ ಬ್ರಷ್‌ಗಳು ಸವೆದಿದ್ದರೆ ಫ್ಯಾನ್ ಒಮ್ಮೆ ತಿರುಗಿ ಒಮ್ಮೆ ನಿಲ್ಲುತ್ತದೆ.

ಐದನೆಯ ಹಂತ, ಸ್ವಿಚ್ಚು ಅಥವಾ ಸೆನ್ಸರ್: ರೇಡಿಯೇಟರಿನಲ್ಲಿ ಎರಡು ತಂತಿಯ ಉಷ್ಣ ಸ್ವಿಚ್ಚಿರುವ ಹಳೆಯ ಕಾರಿನಲ್ಲಿ ಇಗ್ನಿಷನ್ ಹಾಕಿ ಆ ಎರಡು ತಂತಿಗಳನ್ನು ಜೋಡಿಸಿದಾಗ ಫ್ಯಾನ್ ತಿರುಗಿದರೆ ಸ್ವಿಚ್ಚು ಕೆಟ್ಟಿದೆ ಎಂದರ್ಥ. ಕಂಪ್ಯೂಟರ್ ನಿಯಂತ್ರಣದ ಕಾರುಗಳಲ್ಲಿ ಸೆನ್ಸರಿನ ತಂತಿಗಳನ್ನು ಹೀಗೆ ಜೋಡಿಸಬಾರದು. ಅಲ್ಲಿ ಸೆನ್ಸರಿನ ಕನೆಕ್ಟರನ್ನು ಬಿಡಿಸಿದರೆ ಸಾಕು, ಹಲವು ಕಾರುಗಳಲ್ಲಿ ಕಂಪ್ಯೂಟರು ಮುನ್ನೆಚ್ಚರಿಕೆಯಾಗಿ ಫ್ಯಾನನ್ನು ತಾನೇ ತಿರುಗಿಸುತ್ತದೆ. ಸೆನ್ಸರಿನ ವಿದ್ಯುತ್ ರೋಧ ಬಿಸಿಯೇರಿದಂತೆ ಇಳಿಯಬೇಕು. ತಣ್ಣಗಿರುವಾಗ ಸಾಮಾನ್ಯವಾಗಿ ಕೆಲವು ಸಾವಿರ ಓಮ್‌ಗಳಷ್ಟಿರುವುದು ಎಂಜಿನ್ ಕಾದಾಗ ಕೆಲವು ನೂರಕ್ಕೆ ಬರುತ್ತದೆ.

ಆರನೆಯ ಹಂತ, ತಂತಿ ಮತ್ತು ಅರ್ಥಿಂಗ್: ಮೇಲಿನವೆಲ್ಲ ಸರಿಯಿದ್ದೂ ಫ್ಯಾನ್ ತಿರುಗದಿದ್ದರೆ ಕನೆಕ್ಟರಿನಲ್ಲಿ ಹಸಿರುಗಟ್ಟಿದ ಕಿಲುಬು, ಕರಗಿದ ಪ್ಲಾಸ್ಟಿಕ್, ಸಡಿಲವಾದ ಅರ್ಥಿಂಗ್ ಬೋಲ್ಟ್, ಇಲಿ ಕಡಿದ ತಂತಿಗಳನ್ನು ಹುಡುಕಬೇಕು.

ತಿರುಗಿದರೂ ತಂಪಾಗದ ಫ್ಯಾನ್

ಫ್ಯಾನ್ ತಿರುಗುತ್ತಿದೆ ಎಂಬ ಮಾತ್ರಕ್ಕೆ ಅದು ನಿರ್ದೋಷಿಯೆಂದು ತೀರ್ಮಾನಿಸಲಾಗದು. ದುರಸ್ತಿಯ ವೇಳೆ ತಂತಿಗಳು ಅದಲುಬದಲಾದರೆ ಸಾಧಾರಣ ಮೋಟಾರು ತಿರುಗುಮುರುಗಾಗಿ ತಿರುಗುತ್ತದೆ. ರೇಡಿಯೇಟರಿನ ಹಿಂದಿರುವ ಫ್ಯಾನ್ ಮುಂದಿನಿಂದ ಗಾಳಿಯನ್ನು ಎಳೆಯಬೇಕು. ನಿಂತ ಕಾರಿನ ಮುಂಭಾಗದ ಜಾಲರಿಗೆ ಕಾಗದದ ಹಾಳೆಯೊಂದನ್ನು ಹಿಡಿದರೆ ಅದು ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಫ್ಯಾನ್ ತಪ್ಪು ದಿಕ್ಕಿನಲ್ಲಿದೆ. ಎರಡು ವೇಗದ ಫ್ಯಾನ್‌ಗಳಲ್ಲಿ ಕಡಿಮೆ ವೇಗಕ್ಕೆ ಬಳಸುವ ರೆಸಿಸ್ಟರ್ ಸುಟ್ಟರೆ ಉಷ್ಣತೆ ಮಿತಿಮೀರಿ ಏರಿದ ಮೇಲೆಯೇ ಫ್ಯಾನ್ ಪೂರ್ಣ ವೇಗದಲ್ಲಿ ಆರಂಭವಾಗುತ್ತದೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಮುರಿದಿದ್ದರೆ ಗಾಳಿಯು ರೇಡಿಯೇಟರಿನ ಮೂಲಕ ಬಾರದೆ ಪಕ್ಕದಿಂದ ನುಸುಳುತ್ತದೆ.

ವಿಸ್ಕಸ್ ಕ್ಲಚ್ಚನ್ನು ಎಂಜಿನ್ ಆರಿಸಿಯೇ ಪರೀಕ್ಷಿಸಬೇಕು. ಎಂಜಿನ್ ಚೆನ್ನಾಗಿ ಕಾದಿರುವಾಗ ಎಲೆಗಳನ್ನು ತಳ್ಳಿದರೆ ಸ್ಪಷ್ಟವಾದ ಬಿಗಿತ ಅನುಭವಕ್ಕೆ ಬರಬೇಕು. ಸರಾಗವಾಗಿ ಸುತ್ತುತ್ತಿದ್ದರೆ ಅಥವಾ ಗುಂಬದ ಸುತ್ತ ಎಣ್ಣೆಯ ಗೆರೆಗಳು ಕಂಡರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿದೆ.

ಇತರ ಭಾಗಗಳ ಪರೀಕ್ಷೆ

ಎಂಜಿನ್ ಕಾದಿದ್ದರೂ ರೇಡಿಯೇಟರಿಗೆ ಹೋಗುವ ಹೋಸ್ ಪೈಪ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು ಅಥವಾ ಪಂಪ್ ಕೆಲಸ ಮಾಡದಿರಬಹುದು. ಥರ್ಮೋಸ್ಟಾಟನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿದರೆ ಅದರ ಮೇಲೆ ನಮೂದಿಸಿದ ಉಷ್ಣತೆಯ ಆಸುಪಾಸಿನಲ್ಲಿ ತೆರೆಯುವುದು ಕಣ್ಣಿಗೇ ಕಾಣುತ್ತದೆ. ಪಂಪಿನ ಕೆಳಗಿನ ಚಿಕ್ಕ ರಂಧ್ರದಿಂದ ಕೂಲೆಂಟ್ ಜಿನುಗುತ್ತಿದ್ದರೆ ಅದರ ಸೀಲ್ ಸವೆದಿದೆ. ಕಣ್ಣಿಗೆ ಕಾಣದ ಸೋರಿಕೆಯನ್ನು ತಣ್ಣನೆಯ ವ್ಯವಸ್ಥೆಗೆ ಕೈಪಂಪಿನಿಂದ ಒತ್ತಡ ತುಂಬಿ ಪತ್ತೆಹಚ್ಚುತ್ತಾರೆ. ಕೂಲೆಂಟ್ ಬದಲಿಸಿದ ತರುವಾಯ ಗಾಳಿ ಉಳಿದುಕೊಂಡರೂ ಎಂಜಿನ್ ಬಿಸಿಯಾಗುತ್ತದೆ. ತಯಾರಕರು ಸೂಚಿಸಿದ ಕ್ರಮದಲ್ಲಿ ಗಾಳಿಯನ್ನು ಹೊರಗೆಡಹಬೇಕು.

ಹೆಡ್ ಗ್ಯಾಸ್ಕೆಟ್ ದೋಷ

ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್‌ನಲ್ಲಿ ಅತಿಯಾದ ಬಿಸಿಗೆ ಹೆಡ್ ಬಾಗಿ, ನಡುವಿನ ಗ್ಯಾಸ್ಕೆಟ್ ಕೈಬಿಡುತ್ತದೆ. ಈ ದೋಷವು ಬಿಸಿಯಾಗುವಿಕೆಯ ಪರಿಣಾಮವೂ ಹೌದು, ಮುಂದಿನ ಬಿಸಿಯಾಗುವಿಕೆಗೆ ಕಾರಣವೂ ಹೌದು. ಸೈಲೆನ್ಸರಿನಿಂದ ನಿಲ್ಲದೆ ಬರುವ ಸಿಹಿವಾಸನೆಯ ಬಿಳಿ ಹೊಗೆ, ಹಾಲು ಬೆರೆತಂತೆ ಕಾಣುವ ಎಂಜಿನ್ ಎಣ್ಣೆ, ರೇಡಿಯೇಟರಿನಲ್ಲಿ ಎಡೆಬಿಡದ ಗುಳ್ಳೆಗಳು, ಹೊರಗೆ ಸೋರದೆಯೂ ಕಡಿಮೆಯಾಗುತ್ತ ಹೋಗುವ ಕೂಲೆಂಟ್ ಇದರ ಗುರುತುಗಳು. ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ಬಣ್ಣದ ಪರೀಕ್ಷಾ ದ್ರವದ ಮೂಲಕ ಹಾಯಿಸಿದಾಗ ದಹನದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಇಂತಹ ಎಂಜಿನ್‌ಗೆ ಹೊಸ ಫ್ಯಾನ್, ಹೊಸ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ.

ಬಳಕೆಯಲ್ಲಿರುವ ತಪ್ಪು ರೂಢಿಗಳು

ಥರ್ಮೋಸ್ಟಾಟ್ ತೆಗೆದುಹಾಕುವುದು: ಬಿಸಿಯಾಗುವ ಕಾರಿಗೆ ಇದು ಕೆಲವೆಡೆ ಸೂಚಿಸಲಾಗುವ ಸುಲಭ ಪರಿಹಾರ. ಇದರಿಂದ ಎಂಜಿನ್ ಬೇಕಾದಷ್ಟು ಕಾಯದೆ ಇಂಧನ ವ್ಯಯವೂ ಸವೆತವೂ ಹೆಚ್ಚುತ್ತವೆ. ಕೆಲವು ವಿನ್ಯಾಸಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಒಳದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ದ್ರವದ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತ ಬಿಸಿ ಇನ್ನೂ ಹೆಚ್ಚಬಹುದು.

ಫ್ಯಾನಿಗೆ ನೇರ ಸಂಪರ್ಕ ಕೊಡುವುದು: ಇಗ್ನಿಷನ್ ಹಾಕಿದೊಡನೆ ಫ್ಯಾನ್ ತಿರುಗುವಂತೆ ಮಾಡಿದರೆ ಊರು ಸೇರುವವರೆಗಿನ ತಾತ್ಕಾಲಿಕ ಅನುಕೂಲವಾದೀತು. ಶಾಶ್ವತವಾಗಿ ಹಾಗೆ ಬಿಟ್ಟರೆ ಮೋಟಾರು ಬೇಗ ಸವೆಯುತ್ತದೆ, ಮೂಲದೋಷ ಮರೆಯಾಗುತ್ತದೆ, ತೆಳುವಾದ ತಂತಿ ಬಳಸಿದ್ದರೆ ಬೆಂಕಿಯ ಅಪಾಯವೂ ಇದೆ.

ಬರಿಯ ನೀರು ತುಂಬುವುದು: ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಗಳು ಬಿಸಿನೀರಿನ ಹಂಡೆಯಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಬಿಳಿಯ ಪದರವಾಗಿ ಕಟ್ಟುತ್ತವೆ. ಆ ಪದರವು ಶಾಖವನ್ನು ತಡೆಯುತ್ತದೆ. ತುಕ್ಕುನಿರೋಧಕಗಳಿಲ್ಲದ ನೀರು ಲೋಹವನ್ನೂ ತಿನ್ನುತ್ತದೆ.

ನೀರು ಬೆರೆಸದ ಕೂಲೆಂಟ್: ಗಾಢ ಕೂಲೆಂಟನ್ನು ಹಾಗೆಯೇ ಹಾಕಿದರೆ ಹೆಚ್ಚು ತಂಪೆಂಬ ನಂಬಿಕೆ ಸರಿಯಲ್ಲ. ಶಾಖವನ್ನು ಹೊತ್ತೊಯ್ಯುವ ಸಾಮರ್ಥ್ಯ ನೀರಿಗಿಂತ ಗ್ಲೈಕಾಲಿಗೆ ಕಡಿಮೆ. ಮೊದಲೇ ಬೆರೆಸಿ ಮಾರುವ ಕೂಲೆಂಟಿಗೆ ಮತ್ತೆ ನೀರು ಬೆರೆಸುವುದೂ ತಪ್ಪು.

ಬಣ್ಣ ನೋಡಿ ಬೆರೆಸುವುದು: ಹಸಿರು, ಕೆಂಪು, ನೀಲಿ ಬಣ್ಣಗಳು ತಯಾರಕರು ಸೇರಿಸಿದವು. ಅವು ರಾಸಾಯನಿಕ ಗುಣವನ್ನು ಖಚಿತವಾಗಿ ಸೂಚಿಸುವುದಿಲ್ಲ. ಹೊಂದದ ಎರಡು ಬಗೆಗಳು ಬೆರೆತರೆ ಅಂಟಿನಂತಾಗಿ ಕೊಳವೆಗಳನ್ನು ಕಟ್ಟಿಹಾಕಬಹುದು.

ನಿರ್ವಹಣೆ

ಎಂಜಿನ್ ತಣ್ಣಗಿರುವಾಗ ಪಾರದರ್ಶಕ ಟ್ಯಾಂಕಿನಲ್ಲಿ ಕೂಲೆಂಟ್ ಕನಿಷ್ಠ ಮತ್ತು ಗರಿಷ್ಠ ಗುರುತುಗಳ ನಡುವೆ ಇದೆಯೇ ಎಂದು ವಾರಕ್ಕೊಮ್ಮೆಯಾದರೂ, ದೂರ ಪ್ರಯಾಣಕ್ಕೆ ಮುನ್ನ ತಪ್ಪದೆಯೂ ನೋಡಬೇಕು. ಪದೇ ಪದೇ ತುಂಬಬೇಕಾಗಿ ಬಂದರೆ ಸೋರಿಕೆಯಿದೆ ಎಂದೇ ತಿಳಿಯಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ತಾನಾಗಿ ಖರ್ಚಾಗುವಂಥದ್ದಲ್ಲ. ಬೆಲ್ಟಿನಲ್ಲಿ ಬಿರುಕು, ಹೋಸ್ ಪೈಪಿನಲ್ಲಿ ಉಬ್ಬು, ಕ್ಲಿಪ್ಪುಗಳ ಬಳಿ ಬಿಳಿಯ ಅಥವಾ ಬಣ್ಣದ ಕಲೆಗಳಿವೆಯೇ ಎಂಬುದನ್ನು ಸರ್ವಿಸ್ ವೇಳೆ ಪರಿಶೀಲಿಸಬೇಕು. ರೇಡಿಯೇಟರಿನ ರೆಕ್ಕೆಗಳನ್ನು ಹಿಂದಿನಿಂದ ಮುಂದಕ್ಕೆ, ಹೆಚ್ಚು ಒತ್ತಡವಿಲ್ಲದ ನೀರಿನಿಂದ ತೊಳೆಯಬೇಕು. ಕೂಲೆಂಟನ್ನು ತಯಾರಕರ ಕೈಪಿಡಿ ಸೂಚಿಸಿದ ಅವಧಿಗೆ ಬದಲಿಸಬೇಕು. ಮುಂಭಾಗದ ಜಾಲರಿಯನ್ನು ಅಲಂಕಾರದ ಫಲಕಗಳಿಂದ ಮುಚ್ಚಬಾರದು.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿಯೂ ಬ್ಯಾಟರಿ, ಮೋಟಾರುಗಳನ್ನು ತಂಪುಗೊಳಿಸಲು ರೇಡಿಯೇಟರ್ ಮತ್ತು ಫ್ಯಾನ್ ಇರುವುದುಂಟು. ಕಿತ್ತಳೆ ಬಣ್ಣದ ಕವಚವಿರುವ ತಂತಿಗಳಲ್ಲಿ ಪ್ರಾಣಾಂತಕವಾದ ಅಧಿಕ ವೋಲ್ಟೇಜ್ ಹರಿಯುವುದರಿಂದ ಅವುಗಳ ಪರೀಕ್ಷೆಯನ್ನು ತರಬೇತಿ ಪಡೆದವರಿಗೇ ಬಿಡಬೇಕು.

ಕೂಲೆಂಟಿನ ವಿಷಗುಣ

ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವುಗಳನ್ನು ಹಾಳುಗೆಡವುತ್ತದೆ. ನೆಲದ ಮೇಲೆ ಚೆಲ್ಲಿದ ಕೂಲೆಂಟನ್ನು ನಾಯಿ, ಬೆಕ್ಕುಗಳು ನೆಕ್ಕಿ ಸಾಯುವುದುಂಟು. ಆದ್ದರಿಂದ ಚೆಲ್ಲಿದುದನ್ನು ಮಣ್ಣು ಅಥವಾ ಮರದ ಹೊಟ್ಟಿನಿಂದ ಹೀರಿಸಿ ತೆಗೆದು, ಆ ಜಾಗವನ್ನು ನೀರಿನಿಂದ ತೊಳೆಯಬೇಕು. ಹಳೆಯ ಕೂಲೆಂಟನ್ನು ಚರಂಡಿಗೆ, ಕೆರೆಗೆ, ಗಿಡದ ಬುಡಕ್ಕೆ ಸುರಿಯಬಾರದು. ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡುವುದಂತೂ ಕೂಡದು. ಮಕ್ಕಳ ಕೈಗೆಟುಕದಂತೆ ಹೆಸರು ಬರೆದ ಡಬ್ಬಿಯಲ್ಲಿ ಮುಚ್ಚಿಡಬೇಕು. ಯಾರಾದರೂ ನುಂಗಿದ ಶಂಕೆಯಿದ್ದರೆ ಲಕ್ಷಣಗಳು ಕಾಣಿಸಿಕೊಳ್ಳುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕಾಲದಲ್ಲಿ ಚಿಕಿತ್ಸೆ ಆರಂಭವಾದರೆ ಈ ವಿಷಕ್ಕೆ ಪ್ರತಿವಿಷವಿದೆ.